ಮೂರು ಗಂಟೆಯ ಮೇಲೆ ಆರು ನಿಮಿಷ

ನಿಮ್ಮ ವಾರ್ಡಿನ ಕಳೆದ ಚುನಾವಣೆಯಲ್ಲಿ ಗೆದ್ದವರು ಯಾರೆಂದು ಕೇಳಿದರೆ ನೀವು ಥಟ್ಟನೆ ಹೇಳುತ್ತೀರಿ. ಸೋತವರ ಹೆಸರನ್ನೂ ಸ್ವಲ್ಪ ಯೋಚಿಸಿ ಹೇಳಬಹುದು. ಆದರೆ ನಾಮಪತ್ರ ಸಲ್ಲಿಸಿ, ಇನ್ನೊಬ್ಬರಿಗಾಗಿ ಕಣದಿಂದ ಹಿಂದೆ ಸರಿದವರು ಯಾರು? ಅವರ ಹೆಸರು ನಿಮಗೆ ಗೊತ್ತೆ?

ನನಗೂ ಗೊತ್ತಿರುತ್ತಿರಲಿಲ್ಲ. ಅಂಥ ಒಬ್ಬರನ್ನು ತುಂಬಿದ ಸಭೆಯಲ್ಲಿ ನಾನೇ ಅವಮಾನಿಸದೆ ಇದ್ದಿದ್ದರೆ, ಈ ಪ್ರಶ್ನೆ ನನ್ನ ತಲೆಗೆ ಹೊಳೆಯುತ್ತಲೂ ಇರಲಿಲ್ಲ.

ನಾನು ದಾವಣಗೆರೆಯಲ್ಲಿ ವಕೀಲ. ಶಾಲೆ ಕಲಿತದ್ದು ಆನಗೋಡಿನಲ್ಲಿ. ಮಾತು ಕಲಿತದ್ದು ದಾವಣಗೆರೆಯ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮುಂದಿಟ್ಟರೆ ಬುದ್ಧಿಯಿರುವ ಯಾರೇ ಆದರೂ ಒಪ್ಪಲೇಬೇಕು ಎಂಬುದು ಆ ವೇದಿಕೆಗಳು ನನ್ನಲ್ಲಿ ಬೆಳೆಸಿದ ನಂಬಿಕೆ. ಕೆಲವು ವರ್ಷಗಳ ಹಿಂದೆ ಹರಿಹರದಲ್ಲಿ ಸ್ಥಳೀಯ ಚುನಾವಣೆ ಘೋಷಣೆಯಾದಾಗ, ಎರಡು ವಿರೋಧ ಪಕ್ಷಗಳವರು ಒಂದು ವಾರ್ಡಿನ ಮಟ್ಟಿಗೆ ಕೈಜೋಡಿಸಿ, ನನ್ನನ್ನು ತಮ್ಮ ಸಮನ್ವಯಕಾರನನ್ನಾಗಿ ನೇಮಿಸಿಕೊಂಡರು. ಪಕ್ಷಗಳ ಹೆಸರನ್ನೂ ವಾರ್ಡಿನ ಗುರುತನ್ನೂ ಇಲ್ಲಿ ಬರೆಯುವುದಿಲ್ಲ. ವ್ಯಕ್ತಿಗಳ ಹೆಸರುಗಳನ್ನು ಬದಲಿಸಿದ್ದೇನೆ. ನನ್ನ ತಪ್ಪುಗಳನ್ನು ಮಾತ್ರ ಇದ್ದಂತೆಯೇ ಬರೆಯುತ್ತಿದ್ದೇನೆ.

ಆ ವಾರ್ಡಿನಲ್ಲಿ ಹಿಂದಿನ ಐದು ಚುನಾವಣೆಗಳಲ್ಲಿಯೂ ಗೆದ್ದದ್ದು ಒಂದೇ ಪಕ್ಷ, ಒಬ್ಬರೇ ವ್ಯಕ್ತಿ. ಅವರ ಹೆಸರು ಗುರುಶಾಂತಪ್ಪ. ಜನ ಕರೆಯುತ್ತಿದ್ದದ್ದು ಸಾವ್ಕಾರ್ರು ಎಂದು. ಅವರನ್ನು ದುಷ್ಟರೆಂದು ಚಿತ್ರಿಸಿದರೆ ಅದು ಸುಳ್ಳಾಗುತ್ತದೆ. ಸಾವಾದ ಮನೆಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಅವರೇ. ಆದರೆ ನಲ್ಲಿ ಬೇಕಾದರೂ, ಬೀದಿದೀಪ ಕೆಟ್ಟರೂ, ವೃದ್ಧಾಪ್ಯ ವೇತನದ ಅರ್ಜಿ ತುಂಬಬೇಕಾದರೂ ಜನ ಅವರ ಮನೆಯ ಜಗಲಿಯ ಮುಂದೆ ಹೋಗಿ ನಿಲ್ಲಬೇಕಿತ್ತು. ಕೇಳಿ ಪಡೆಯಬೇಕಾದ ಹಕ್ಕು, ಬೇಡಿ ಪಡೆಯುವ ಕೃಪೆಯಾಗಿತ್ತು. ಅಷ್ಟು ವರ್ಷಗಳಲ್ಲಿ ವಾರ್ಡಿನ ಜನರನ್ನು ಒಂದೆಡೆ ಕೂರಿಸಿ, ಅವರ ಪ್ರಶ್ನೆಗೆ ಎದುರು ನಿಂತು ಉತ್ತರ ಹೇಳಿದ ಸಂದರ್ಭ ಒಂದೂ ಇರಲಿಲ್ಲ. ಆದ್ದರಿಂದ ನಮ್ಮ ಪ್ರಣಾಳಿಕೆಯಲ್ಲಿ ಇದ್ದದ್ದು ಒಂದೇ ವಾಕ್ಯ: ಮೂರು ತಿಂಗಳಿಗೊಮ್ಮೆ ವಾರ್ಡಿನ ಬಹಿರಂಗ ಸಭೆ.

ಇಷ್ಟು ದೀರ್ಘಕಾಲ ಬೇರೂರಿದ ಪಕ್ಷವನ್ನು ಕೆಳಗಿಳಿಸುವುದು ಹೇಗೆ? ಹಿಂದಿನ ಎರಡು ಫಲಿತಾಂಶಗಳನ್ನು ನಾನು ಬಿಡಿಸಿ ನೋಡಿದೆ. ಎರಡರಲ್ಲೂ ಸಾವ್ಕಾರ್ರ ವಿರುದ್ಧ ಬಿದ್ದ ಮತಗಳೇ ಹೆಚ್ಚು. ಆದರೆ ಅವು ಇಬ್ಬರ ನಡುವೆ ಹಂಚಿಹೋಗಿದ್ದವು. ಅಂದರೆ ಹೊಸ ಮತದಾರರನ್ನು ಹುಡುಕುವ ಅಗತ್ಯವಿರಲಿಲ್ಲ. ಎದುರಿಗೆ ಒಬ್ಬರೇ ಅಭ್ಯರ್ಥಿ ಉಳಿದರೆ ಸಾಕಿತ್ತು. ಕಾಗದದ ಮೇಲೆ ಎಷ್ಟು ಸುಲಭವಾಗಿ ಕಂಡಿತ್ತು!

ಎರಡು ಪಕ್ಷಗಳಿಂದಲೂ ನಾಮಪತ್ರ ಹಾಕಿಸಿದೆವು. ಇದು ರೂಢಿಯ ಎಚ್ಚರಿಕೆ: ಪರಿಶೀಲನೆಯಲ್ಲಿ ಒಂದು ತಿರಸ್ಕೃತವಾದರೂ ಇನ್ನೊಂದು ಉಳಿದಿರಲಿ ಎಂದು. ಪರಿಶೀಲನೆ ಮುಗಿದ ಮೇಲೆ ಒಬ್ಬರು ಹಿಂದೆ ಪಡೆಯಬೇಕು. ಯಾರೆಂಬುದನ್ನು ಜಂಟಿ ಸಭೆ ತೀರ್ಮಾನಿಸಬೇಕು ಎಂದು ಒಪ್ಪಂದದಲ್ಲಿ ಬರೆದವನು ನಾನೇ.

ಒಬ್ಬರು ರೇಣುಕಮ್ಮ, ಹದಿನಾಲ್ಕು ವರ್ಷ ಅದೇ ವಾರ್ಡಿನ ಅಂಗನವಾಡಿಯಲ್ಲಿ ಕಾರ್ಯಕರ್ತೆಯಾಗಿದ್ದವರು, ಜನರ ಬಾಯಲ್ಲಿ ಟೀಚರಮ್ಮ. ಗಂಡ ತೀರಿಕೊಂಡಿದ್ದರು, ಓದುತ್ತಿದ್ದ ಇಬ್ಬರು ಹೆಣ್ಣುಮಕ್ಕಳು. ಆ ಸ್ಥಾನದಲ್ಲಿ ಇದ್ದುಕೊಂಡೇ ಸ್ಪರ್ಧಿಸಿದರೆ ಎದುರಾಳಿಗಳು ತಕರಾರು ಎತ್ತಬಹುದು, ರಾಜೀನಾಮೆ ಕೊಡುವುದೇ ಕ್ಷೇಮ ಎಂದು ಸಲಹೆ ಕೊಟ್ಟವನು ನಾನು. ಪತ್ರದ ಕರಡನ್ನು ಬರೆದವನೂ ನಾನು. ಸಹಿ ಹಾಕುವ ಮೊದಲು ಆಕೆ ಪೆನ್ನು ಹಿಡಿದು ಕೇಳಿದ್ದರು: "ನಾಮಪತ್ರ ವಾಪಸ್ ತಗೊಳಾಕ ಬರ್ತೈತೆ. ಇದು ಬರಲ್ಲ, ಅಲ್ರಿ ಸರ್?"

"ಬರಲ್ಲಮ್ಮ," ಎಂದೆ. ಆಕೆ ಸಹಿ ಹಾಕಿದರು.

ಇನ್ನೊಬ್ಬರು ಬಸಣ್ಣ. ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ಕಾರ್ಮಿಕ ಸಂಘದ ಮುಂದಾಳು. ಸಾವ್ಕಾರ್ರ ಎದುರು ಎರಡು ಸಲ ನಿಂತು ಎರಡು ಸಲವೂ ಸೋತಿದ್ದರು. ಜಂಟಿ ಸಭೆಯ ವಿಷಯ ತಿಳಿದೊಡನೆ ಅವರು ದಾವಣಗೆರೆಗೆ, ನನ್ನ ಕಚೇರಿಗೇ ಬಂದರು.

"ವಕೀಲ್ರೇ, ಇದನ್ನ ಸಭೆಗೆ ಹಾಕಬ್ಯಾಡ್ರಿ. ಒಬ್ರನ್ನ ಹಿಂದೆ ಸರೀರಿ ಅಂತ ಕೇಳ್ಬೇಕಂದ್ರೆ ನಮ್ ಕಡೆ ಎಲಿ-ಅಡಿಕಿ ತಗೊಂಡು ಅವ್ರ ಮನಿಗೆ ಹೋಗ್ತಾರೆ. ನಾಕ್ ಮಂದಿ ಹಿರೇರು ಕೂಡ್ತಾರೆ, ಚಾ ಕುಡೀತಾರೆ, ಮಾತು ಮುಗೀತೈತೆ. ಟೀಚರಮ್ಮ ನಮ್ಮನಿಗೆ ಬರ್ಲಿ. ಇಲ್ಲಾಂದ್ರೆ ನಾನೇ ಅವ್ರ ಮನಿಗೆ ಹೋಗ್ತೀನಿ ಬಿಡ್ರಿ."

"ಜಗಲಿ ರಾಜಕಾರಣ ಬೇಡ ಅಂತಲೇ ನಾವು ಹೊರಟಿರೋದು, ಬಸಣ್ಣನವರೇ," ಎಂದೆ. "ನಾಲ್ಕು ಗೋಡೆ ನಡುವೆ ತೀರ್ಮಾನ ಮಾಡಿದರೆ ನಮಗೂ ಅವರಿಗೂ ಏನು ವ್ಯತ್ಯಾಸ?"

ನನ್ನ ವಾದ ಚೆನ್ನಾಗಿತ್ತು. ಅವರು ಮರುಮಾತಾಡಲಿಲ್ಲ. ಒಪ್ಪಿದರು ಎಂದು ನಾನು ಭಾವಿಸಿದೆ.

ನಾಮಪತ್ರ ಹಿಂಪಡೆಯುವ ಕೊನೆಯ ದಿನಕ್ಕೆ ಎರಡು ದಿನ ಮೊದಲು, ಬುಧವಾರ ಮಧ್ಯಾಹ್ನ, ದಾವಣಗೆರೆಯ ಸಮುದಾಯ ಭವನವೊಂದರಲ್ಲಿ ಸಭೆ ಸೇರಿತು. ಎರಡೂ ಪಕ್ಷಗಳಿಂದ ತಲಾ ಹದಿನೈದು ಪ್ರತಿನಿಧಿಗಳು. ಇಬ್ಬರು ಅಭ್ಯರ್ಥಿಗಳಿಗೂ ಹತ್ತು ಹತ್ತು ನಿಮಿಷ, ನಂತರ ಪ್ರಶ್ನೆ, ನಂತರ ಗುಪ್ತ ಮತದಾನ. ನಿರ್ವಾಹಕನ ಕುರ್ಚಿಯಲ್ಲಿ ನಾನು.

ರೇಣುಕಮ್ಮ ಐದೇ ನಿಮಿಷ ಮಾತನಾಡಿದರು. ವಾರ್ಡಿನ ಯಾವ ಬೀದಿಯಲ್ಲಿ ಯಾವ ಮಗುವಿನ ತೂಕ ಏರಲಿಲ್ಲ, ಅದಕ್ಕೂ ಆ ಬೀದಿಯ ನೀರಿಗೂ ಏನು ಸಂಬಂಧ ಎಂಬುದನ್ನು ಹೇಳಿ ಕೂತರು. ಬಸಣ್ಣ ಸಂಘದ ದಿನಗಳ ಬಗ್ಗೆ ಮಾತನಾಡಿದರು, ಸ್ವಲ್ಪ ಉದ್ದವಾಯಿತು. ಪ್ರಶ್ನೆಗಳ ಸರದಿ ಬಂದಾಗ ಯಾರೂ ಕೈ ಎತ್ತಲಿಲ್ಲ. ಮೌನವನ್ನು ಸಹಿಸದ ಚರ್ಚಾಪಟುವಿನ ಹಳೆಯ ಚಾಳಿ ನನ್ನಲ್ಲಿ ಎದ್ದು ಕೂತಿತು.

"ಬಸಣ್ಣನವರೇ, ಎರಡು ಸಲ ಸೋತಿದ್ದೀರಿ. ಮೂರನೇ ಸಲ ಗೆಲ್ತೀರಿ ಅನ್ನೋದಕ್ಕೆ ಒಂದು ಕಾರಣ ಹೇಳಿ. ಒಂದೇ ಒಂದು."

ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಹ್ಯಾಟ್ರಿಕ್ ಹೊಡಿಯಾಕ, ಮತ್ಯಾಕ!"

ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ ಎಂಬುದನ್ನು ಮುಚ್ಚಿಡುವುದಿಲ್ಲ. ಬಸಣ್ಣ ಬಾಯಿ ತೆರೆದು, ಏನೋ ಹೇಳಲು ಹೊರಟವರು ಹೇಳದೆ, ಹೆಗಲ ಮೇಲಿನ ಟವೆಲನ್ನು ತೆಗೆದು ಮಡಚಿ ಮತ್ತೆ ಹೆಗಲ ಮೇಲಿಟ್ಟುಕೊಂಡು ಕೂತರು. ಮತಗಳನ್ನು ಎಣಿಸಿದಾಗ ರೇಣುಕಮ್ಮನವರಿಗೆ ಇಪ್ಪತ್ತೆರಡು, ಬಸಣ್ಣನವರಿಗೆ ಎಂಟು. ಅವರ ಪಕ್ಷದವರಲ್ಲೇ ಕನಿಷ್ಠ ಏಳು ಮಂದಿ ಅವರ ಕೈ ಬಿಟ್ಟಿದ್ದರು. ಅಷ್ಟರಲ್ಲಿ ಮಂಡಕ್ಕಿ, ಮಿರ್ಚಿ ಬಂದವು. ಬಸಣ್ಣ ತಮ್ಮ ಮುಂದಿಟ್ಟ ತಟ್ಟೆಯನ್ನು ಮುಟ್ಟದೆ ಎದ್ದು ಹೊರಟರು. ದಾವಣಗೆರೆ ಸೀಮೆಯಲ್ಲಿ ಬೆಳೆದವನಿಗೆ, ಮಿರ್ಚಿ ಬಿಸಿಯಿರುವಾಗಲೇ ತಟ್ಟೆ ಬಿಟ್ಟು ಏಳುವುದರ ಅರ್ಥ ಹೇಳಿಕೊಡಬೇಕಿಲ್ಲ. ಆದರೂ ನನಗೆ ಅಂದು ಅದು ಅರ್ಥವಾಗಲಿಲ್ಲ.

ಅವರ ಫೋನು ಸಂಜೆಯಿಂದ ಯಾರ ಕರೆಗೂ ಉತ್ತರಿಸಲಿಲ್ಲ. ಗುರುವಾರ ನಾನು ಮಾಡಿದ ಕೆಲಸವನ್ನು ವಕೀಲನಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಒಂದು ಪತ್ರ ಟೈಪ್ ಮಾಡಿಸಿದೆ. "ಉಭಯ ಪಕ್ಷಗಳ ಒಪ್ಪಂದದ ಮೂರನೇ ಕಲಮಿನ ಪ್ರಕಾರ ತಾವು ದಿನಾಂಕ ಮೀರದಂತೆ, ಶುಕ್ರವಾರ ಅಪರಾಹ್ನ ಮೂರು ಗಂಟೆಯೊಳಗೆ ನಾಮಪತ್ರವನ್ನು ಹಿಂಪಡೆಯತಕ್ಕದ್ದು" ಎಂದು ಬರೆಸಿ, ಲಕೋಟೆಗೆ ಹಾಕಿ, ಅವರ ಮನೆಗೆ ತಲುಪಿಸಿದೆ.

ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ರೇಣುಕಮ್ಮನವರೂ ನಾನೂ ಬಸಣ್ಣನ ಮನೆ ಬಾಗಿಲಲ್ಲಿ ನಿಂತಿದ್ದೆವು. ಬಾಗಿಲು ತೆರೆದವರು ಅವರ ಹೆಂಡತಿ ಪಾರ್ವತಮ್ಮ.

"ಮನಿಗೆ ಬಂದವ್ರಿಗೆ ಕೂಡ್ರಿ ಅನ್ಬೇಕು, ಕೂಡ್ರಿ. ಅಲ್ರಿ ವಕೀಲ್ರೇ, ನಿನ್ನೆ ನೋಟಿಸ್ ಆತು, ಇವತ್ತು ಜಪ್ತಿ ಮಾಡಾಕ ಬಂದ್ರೇನು?"

"ಅದು ನೋಟಿಸ್ ಅಲ್ಲಮ್ಮ..."

"ಹಂಗಾದ್ರೆ ಏನದು, ಲಗ್ನಪತ್ರಿಕೆನಾ? ಇವ್ರು ಎರಡು ಸಲ ಓದಿದ್ರು. ಆಮೇಲೆ ಉಣ್ಣೋ ತಾಟು ಬಿಟ್ಟು ಎದ್ರು. ಕಾರ್ಖಾನಿನಾಗೆ ಇದ್ದಷ್ಟು ವರ್ಷ ಮ್ಯಾನೇಜ್‌ಮೆಂಟಿನವ್ರು ಕೊಟ್ಟ ನೋಟಿಸ್ ಬೇಕಾದಷ್ಟು ಕಂಡೀವಿ. ನಮ್ಮವ್ರೇ ಕೊಟ್ಟಿದ್ದು ಇದೇ ಮೊದ್ಲು."

ಬಸಣ್ಣ ನಸುಕಿನಲ್ಲೇ ಎದ್ದು ಕೊಕ್ಕನೂರಿನ ತಂಗಿಯ ಮನೆಗೆ ಹೋಗಿದ್ದರು. ಫೋನು ಮನೆಯಲ್ಲೇ ಇತ್ತು. ನಾನು ಕರೆ ಮಾಡಿದಾಗ ಒಳಗಿನ ಕಪಾಟಿನಿಂದ ಅದರ ಸದ್ದು ಕೇಳಿಸಿತು.

ಅವರು ಮಾತಿಗೆ ತಪ್ಪುವವರಲ್ಲ, ನೇರ ಕಚೇರಿಗೇ ಬಂದಾರು ಎಂಬ ಆಸೆಯಿಂದ ನಾವು ಚುನಾವಣಾಧಿಕಾರಿಯ ಕಚೇರಿಯ ಮುಂದೆ ಕಾದೆವು. ಗಂಟೆ ಹನ್ನೊಂದಾಯಿತು. ಆವರಣದ ಬೇವಿನ ಮರದಡಿ ಸಾವ್ಕಾರ್ರು ತಮ್ಮವರೊಂದಿಗೆ ಕೂತಿದ್ದರು. ನನ್ನನ್ನು ಕಂಡು ಕೈ ಬೀಸಿದರು.

"ಬರ್ರಿ ವಕೀಲ್ರೇ, ಚಾ ಕುಡೀರಿ. ಬಸಣ್ಣ ಊರಾಗೆ ಇಲ್ಲಂತೆ?"

"ಬರ್ತಾರೆ, ಸಾವ್ಕಾರ್ರೇ."

"ಬರ್ಲಿ, ಪಾಪ. ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಷ್ಟು ವರ್ಷ ನನ್ನ ಗೆಲ್ಸಿದ್ದು ನಮ್ ಪಕ್ಷದವ್ರು ಅಂತ ಎಲ್ರೂ ತಿಳ್ಕೊಂಡಾರೆ. ಅಲ್ಲ. ನೀವು. ನಿಮ್ಮ ಕಡೆ ಯಾವನೂ ಇನ್ನೊಬ್ಬನ ಮನಿಗೆ ಹೋಗಲ್ಲ ನೋಡ್ರಿ, ಅದೇ ನನ್ನ ಪುಣ್ಯ."

ನಗುತ್ತಲೇ ಹೇಳಿದರು. ಕಾಲು ಶತಮಾನದ ಆಡಳಿತದ ಗುಟ್ಟನ್ನು ಎದುರಾಳಿಯೇ ಬಿಚ್ಚಿ ನನ್ನ ಕೈಗಿಟ್ಟಂತಿತ್ತು. ರೇಣುಕಮ್ಮ ನನ್ನ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರು.

"ಸರ್, ಕಾರು ತೆಗೀರಿ. ಕೊಕ್ಕನೂರಿಗೆ ಹೋಗಾಣ," ಎಂದರು. "ಆದ್ರೆ ಅಲ್ಲಿ ನೀವು ಮಾತಾಡಬಾರ್ದು. ಆಣೆ ಮಾಡ್ರಿ."

ಪೇಟೆಯಲ್ಲಿ ಇಳಿದು ಎಲೆ, ಅಡಿಕೆ, ಎರಡು ಬಾಳೆಹಣ್ಣು ಕೊಂಡರು. ಮುಕ್ಕಾಲು ಗಂಟೆಯ ದಾರಿ. ದಾರಿಯುದ್ದಕ್ಕೂ ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಕಣ್ಣು ರಸ್ತೆಗಿಂತ ಹೆಚ್ಚು ಗಡಿಯಾರದ ಮೇಲಿತ್ತು.

ತಂಗಿಯ ಮನೆಯಲ್ಲಿ ವಿಚಾರಿಸಿ, ಗದ್ದೆಗಳಲ್ಲಿ ಬಹಳ ಹೊತ್ತು ಹುಡುಕಿದ ಮೇಲೆ ಸಿಕ್ಕ ಬಸಣ್ಣ ಬದುವಿನ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಔಷಧಿ ಹೊಡೆಯುವ ಪಂಪೊಂದನ್ನು ಬಿಚ್ಚಿ ಹರಡಿಕೊಂಡಿದ್ದರು. ಮೊಣಕಾಲಿನವರೆಗೆ ಕೆಸರು. ನಮ್ಮನ್ನು ನೋಡಿ ಏಳಲಿಲ್ಲ. ರೇಣುಕಮ್ಮ ಎಲೆ-ಅಡಿಕೆಯನ್ನು ಅವರ ಮುಂದಿನ ಕಲ್ಲಿನ ಮೇಲಿಟ್ಟರು.

"ಅಣ್ಣಾರೆ, ನಿಮ್ಮನ್ನ ಹಿಂದೆ ಸರೀರಿ ಅಂತ ಕೇಳಾಕ ಬಂದಿಲ್ಲ. ನಾನೇ ವಾಪಸ್ ತಗೋತೀನಿ. ನೀವು ನಿಂತ್ಕೊಳ್ರಿ. ಮತ ಒಡಿಬಾರ್ದು, ಅಷ್ಟೇ. ಅವತ್ತು ಸಭೆನಾಗೆ ಎಲ್ರೂ ನಕ್ಕಾಗ ನಾನು ಎದ್ದು ನಿಲ್ಬೇಕಿತ್ತು, ನಿಲ್ಲಲಿಲ್ಲ. ಅದನ್ನ ಹೇಳಾಕ ಬಂದೀನಿ."

ಹದಿನಾಲ್ಕು ವರ್ಷದ ಕೆಲಸವನ್ನು ನನ್ನ ಮಾತಿಗೆ ಬಿಟ್ಟ ಹೆಂಗಸು, ಈಗ ಅದನ್ನು ಯಾವುದಕ್ಕಾಗಿ ಬಿಟ್ಟರೋ ಅದನ್ನೂ ಬಿಡಲು ಹೊರಟಿದ್ದರು. ಬಾಯಿ ತೆರೆಯಬೇಕೆನಿಸಿತು. ಆಣೆ ನೆನಪಾಗಿ ಸುಮ್ಮನಾದೆ.

ಬಸಣ್ಣ ಒಂದು ಸ್ಕ್ರೂ ಬಿಗಿಯುತ್ತಲೇ ಕೇಳಿದರು. "ಕೆಲ್ಸ ಬಿಟ್ಟೀರಲ್ಲ ಟೀಚರಮ್ಮ. ಅದು ತಿರುಗಿ ಸಿಗ್ತೈತಾ?"

"ಇಲ್ರಿ."

"ಮತ್ತೆ ಹೆಂಗೆ?"

"ಹೊಲಿಗಿ ಬರ್ತೈತೆ. ನೋಡ್ಕೋತೀನಿ."

ಬಸಣ್ಣ ಪಂಪಿನ ಹಿಡಿಯನ್ನು ಎರಡು ಸಲ ಒತ್ತಿದರು. ನೀರು ಸಣ್ಣಗೆ ಚಿಮ್ಮಿತು. ಆಮೇಲೆ ನನ್ನ ಕಡೆ ತಿರುಗಿದರು.

"ಒಂದು ಕಾರಣ ಹೇಳ್ರಿ ಅಂದ್ರಲ್ಲ ವಕೀಲ್ರೇ. ಇತ್ತು ನನ್ನ ಹತ್ರ. ಎರಡು ಸಲನೂ ಸೋತ ಮರುದಿನ ಬೆಳಗ್ಗೆ ಎದ್ದು, ವಾರ್ಡಿನಾಗೆ ಮನಿಮನಿಗೆ ಹೋಗಿ ಕೈ ಮುಗುದು ಬಂದೀನಿ. ಹಾಕ್ದವ್ರಿಗೂ, ಹಾಕ್ದೇ ಇದ್ದವ್ರಿಗೂ. ಅದನ್ನ ಮೂವತ್ತು ಮಂದಿ ಮುಂದೆ ನಾನೇ ಹೇಳ್ಕೋಬೇಕಾ? ಹೇಳ್ಕೊಂಡ್ರೆ ಅದಕ್ಕೆ ಮರ್ಯಾದಿ ಎಲ್ಲಿ ಉಳೀತೈತೆ?"

ಅವರು ಕೈ ಒರೆಸಿಕೊಂಡು ಎಲೆ-ಅಡಿಕೆ ಎತ್ತಿಕೊಂಡರು. "ನಡೀರಿ. ವಾಪಸ್ ತಗೊಳೋನು ನಾನೇ."

ಗಂಟೆ ಒಂದೂಕಾಲು. ಸಮಯ ಧಾರಾಳವಾಗಿತ್ತು. ಆದರೆ ಬಸಣ್ಣ ಮುಂದುವರಿಸಿದರು: "ಮೊದ್ಲು ಮನಿಗೆ ಹೋಗ್ಬೇಕು. ಕೆಸರುಗಾಲಾಗೆ ಕಚೇರಿಗೆ ಹೋದ್ರೆ ಓಡಿಹೋಗಿದ್ದೋನ್ನ ಹಿಡ್ಕೊಂಡು ಬಂದ್ರು ಅಂತಾರೆ. ಜಳಕ ಮಾಡಿ ಬಿಳಿ ಅಂಗಿ ಹಾಕ್ಕೊಂಡು, ಎದಿ ಎತ್ಕೊಂಡು ಹೋಗ್ತೀನಿ."

ಇಲ್ಲಿ ಒಂದು ನಿಯಮ ಹೇಳಬೇಕು. ನಾಮಪತ್ರ ಹಿಂಪಡೆಯುವ ಅರ್ಜಿಯನ್ನು ಅಭ್ಯರ್ಥಿಯೇ ತಂದು ಕೊಡಬೇಕೆಂದಿಲ್ಲ. ಅವರು ಸಹಿ ಮಾಡಿ, ಲಿಖಿತ ಅಧಿಕಾರ ಕೊಟ್ಟರೆ, ಅವರ ಹೆಸರನ್ನು ಸೂಚಿಸಿದ ಸೂಚಕರು ಕೊಂಡೊಯ್ದು ಕೊಡಬಹುದು. ಅರ್ಜಿಯ ನಮೂನೆ ನನ್ನ ಬ್ಯಾಗಿನಲ್ಲೇ ಇತ್ತು. ಸೂಚಕರ ಮನೆ ಕಚೇರಿಯ ಹತ್ತಿರವೇ ಇತ್ತು. ಆ ಬದುವಿನ ಮೇಲೆಯೇ ಒಂದು ಸಹಿ ಪಡೆದಿದ್ದರೆ ಮುಗಿಯುತ್ತಿತ್ತು. ಆದರೆ ಮೊನ್ನೆ ಸಭೆಯಲ್ಲಿ ಬಾಯಿ ಬಿಟ್ಟು ಕೆಡಿಸಿದವನು, ನಿನ್ನೆ ಕಾಗದ ಕಳಿಸಿ ಕೆಡಿಸಿದವನು, ಇಂದು ಮತ್ತೆ ಬ್ಯಾಗಿನಿಂದ ಕಾಗದ ತೆಗೆಯುವುದು ಹೇಗೆ? ನಾಚಿಕೆಯಾಯಿತು. ಮೌನವೇ ಈಗ ಸರಿಯಾದ ನಡೆ ಎಂದು ನನಗೆ ನಾನೇ ವಾದಿಸಿ ಗೆದ್ದೆ.

ಅವರ ತಂಗಿ ನಮ್ಮನ್ನು ಊಟಕ್ಕೆ ಕೂರಿಸಿದರು. ಮಂಡಕ್ಕಿಯ ತಟ್ಟೆ ಬಿಟ್ಟು ಎದ್ದವರ ಮುಂದೆ ನಾವು ಊಟದ ತಾಟು ಬೇಡವೆನ್ನುವುದು ಸಾಧ್ಯವೇ ಇರಲಿಲ್ಲ. ಹೊರಟಾಗ ಎರಡಕ್ಕೆ ಹತ್ತು ನಿಮಿಷ. ಹರಿಹರದ ಮನೆ ತಲುಪಿದಾಗ ಎರಡೂ ಮೂವತ್ತೈದು. ಜಳಕ ಮುಗಿಸಿ, ಇಸ್ತ್ರಿಯ ಮಡಿಕೆ ಬಿಡಿಸದ ಬಿಳಿ ಅಂಗಿ ತೊಟ್ಟು ಬಸಣ್ಣ ಹೊರಬರುವಷ್ಟರಲ್ಲಿ ಸುದ್ದಿ ಬೀದಿಗೆ ಹರಡಿತ್ತು. ಕಾರ್ಖಾನೆಯ ಹಳೆಯ ಗೆಳೆಯರು ಬಾಗಿಲಲ್ಲಿ ನೆರೆದಿದ್ದರು. ಬುಧವಾರ ಕೈಬಿಟ್ಟವರೂ ಅವರಲ್ಲಿದ್ದರು. "ಬಸಣ್ಣ ಒಬ್ನೇ ಹೋಗ್ಬಾರ್ದು," ಎಂದರು. ಪಾರ್ವತಮ್ಮ ಹಣೆಗೆ ವಿಭೂತಿ ಹಚ್ಚಿದರು. ಎಲ್ಲರೂ ನಡೆದೇ ಹೊರಟರು. ಕಾರು ಹತ್ತಿ ಎನ್ನಲು ನಾನು ಎರಡು ಸಲ 'ಬಸಣ್ಣನವರೇ' ಎಂದು ಕೂಗಿದೆ. ಎರಡು ಸಲವೂ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಮೂರನೆಯ ಸಲ ಕೂಗಲಿಲ್ಲ.

ನಾವು ಕಚೇರಿಯ ಮೆಟ್ಟಿಲು ಹತ್ತಿದಾಗ ಗೋಡೆ ಗಡಿಯಾರ ಮೂರು ಗಂಟೆಯ ಮೇಲೆ ಆರು ನಿಮಿಷ ತೋರಿಸುತ್ತಿತ್ತು. ಸೂಚನಾ ಫಲಕದ ಮೇಲೆ ಅಂತಿಮ ಪಟ್ಟಿ ಅಂಟಿಸಿದ್ದರು; ಅಂಟು ಇನ್ನೂ ಹಸಿಯಾಗಿತ್ತು. ಬಾಗಿಲಲ್ಲಿದ್ದ ಗುಮಾಸ್ತರು ಮೆತ್ತಗೆ ಹೇಳಿದರು: "ಮೂರಾದ ಮೇಲೆ ಯಾರು ಬಂದ್ರೂ ತಗೊಳಾಕ ಬರಲ್ಲ ಸರ್."

ಪಟ್ಟಿಯಲ್ಲಿ ಮೂರು ಹೆಸರುಗಳಿದ್ದವು. ರೇಣುಕಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು.

ನಾನು ಬ್ಯಾಗಿನಿಂದ ಅರ್ಧ ಹೊರತೆಗೆದಿದ್ದ ಅರ್ಜಿಯನ್ನೂ ಬ್ಯಾಗನ್ನೂ ಬಸಣ್ಣ ನೋಡಿದರು. "ಆ ಫಾರಂ ಇದರಾಗೇ ಇತ್ತಾ?"

"ಇತ್ತು."

"ಕೊಕ್ಕನೂರಾಗೆ ಸಹಿ ಹಾಕಿದ್ರೆ ನಡೀತಿತ್ತಾ?"

"ನಡೀತಿತ್ತು. ಸೂಚಕರು ಕೊಡಬಹುದಿತ್ತು."

"ಮತ್ಯಾಕ ಹೇಳ್ಲಿಲ್ಲ?"

"ನೀವು ಬೇಜಾರು ಮಾಡ್ಕೋತೀರೇನೋ ಅಂತ..."

ಅವರು ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು. "ಮಾತಾಡಬಾರದ ಕಡೆ ಮಾತಾಡಿದ್ರಿ. ಮಾತಾಡ್ಬೇಕಾದ ಕಡೆ ಬಾಯಿಗೆ ಬೀಗ ಹಾಕ್ಕೊಂಡ್ರಿ. ಎಂಥ ವಕೀಲ್ರಿ ಮಾರಾಯ್ರೇ ನೀವು!" ಎಂದು ಹೇಳಿ, ರೇಣುಕಮ್ಮನ ಪಕ್ಕದ ಮೆಟ್ಟಿಲ ಮೇಲೆ ಆ ಬಿಳಿ ಅಂಗಿಯಲ್ಲೇ ಕೂತರು. "ಏಳ್ರಿ ಟೀಚರಮ್ಮ. ಮಿಷಿನ್ನಾಗೆ ಹೆಸರಿದ್ರೆ ಇರ್ಲಿ. ಬಾಯಿ ನಂದೈತಲ್ಲ."

ಮರುದಿನ ಬೆಳಗ್ಗೆಯಿಂದ ಅವರು ತಮ್ಮ ವಿರುದ್ಧವೇ ಪ್ರಚಾರ ಆರಂಭಿಸಿದರು. ಮನೆಮನೆಯ ಬಾಗಿಲಲ್ಲಿ ಎಲೆ-ಅಡಿಕೆ ಇಟ್ಟು ಹೇಳುತ್ತಿದ್ದರು: "ಮಿಷಿನ್ನಾಗೆ ನನ್ನ ಹೆಸರು ಐತೆ. ಒತ್ತಬ್ಯಾಡ್ರಿ. ಟೀಚರಮ್ಮಗೆ ಒತ್ರಿ."

ಎದುರು ಪಾಳಯ ಸುಮ್ಮನಿರಲಿಲ್ಲ. ಸಾವ್ಕಾರ್ರ ಪಕ್ಷದವರು ತಮ್ಮ ಅಭ್ಯರ್ಥಿಯನ್ನು ಹೊಗಳುವುದನ್ನೇ ಬಿಟ್ಟು ಬಸಣ್ಣನನ್ನು ಹೊಗಳತೊಡಗಿದರು. "ಬಸಣ್ಣಗೆ ಮೋಸ ಮಾಡ್ಯಾರೆ, ಅಂಥ ಮನುಷ್ಯಗೆ ಒಂದು ಓಟು ಹಾಕ್ದಿದ್ರೆ ಹೆಂಗೆ?" ಎಂಬ ಮಾತು ಚಹಾದಂಗಡಿಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ವಿರೋಧಿಗಳ ಮತ ಒಡೆಯಲು ವಿರೋಧಿಯ ಒಳ್ಳೆಯತನವನ್ನೇ ಬಳಸುವ ಈ ತಂತ್ರವನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅದು ಕೆಲಸ ಮಾಡುತ್ತಿತ್ತು. ಹನುಮಕ್ಕ ಎಂಬ ಮುದುಕಿ ಎಲೆ-ಅಡಿಕೆ ಕೈಗೆತ್ತಿಕೊಂಡು ಹೇಳಿದ್ದನ್ನು ನಾನೇ ಕೇಳಿದೆ:

"ಎರಡು ಸಲ ಹಾಕವ್ವ ಹಾಕವ್ವ ಅಂದೆಪ್ಪ, ನಾನು ಹಾಕ್ಲಿಲ್ಲ. ಈಗ ಹಾಕಬ್ಯಾಡ ಅಂತೀಯ. ಈ ಸಲ ನಿನಗೇ ಹಾಕ್ಬೇಕು ಅನ್ನಿಸ್ತೈತೆ ನೋಡು!"

ಎಲ್ಲರೂ ನಕ್ಕರು. ನಾನು ಮಾತ್ರ ಮನಸ್ಸಿನಲ್ಲೇ ನಮ್ಮ ಲೆಕ್ಕದಿಂದ ಒಂದು ಮತ ಕಳೆದೆ.

ಮತದಾನಕ್ಕೆ ನಾಲ್ಕು ದಿನ ಇದ್ದಾಗ, ಒಂದು ಬೀದಿಯ ತಿರುವಿನಲ್ಲಿ ಕಾರ್ಖಾನೆಯ ಹಳೆಯ ಗೆಳೆಯರೊಬ್ಬರು ಬಸಣ್ಣನ ತೋಳು ಹಿಡಿದು ನಿಲ್ಲಿಸಿದರು. "ಅಣ್ಣ, ಜನ ನಿನ್ನ ಹೆಸರೇ ಹೇಳಾಕತ್ಯಾರೆ. ಈಗೊಂದು ನಾಕ್ ದಿನ ಸುಮ್ನೆ ಮನಿನಾಗೆ ಕುಂತ್ಕೋ. ಏನೂ ಹೇಳಬ್ಯಾಡ. ನೀನೇ ಗೆಲ್ತೀ."

ಅದು ಉತ್ಪ್ರೇಕ್ಷೆಯಾಗಿರಲಿಲ್ಲ. ಬಸಣ್ಣನಿಗೂ ಅದು ಗೊತ್ತಿತ್ತು. ಎರಡು ಸಲ ಸೋತ ಮನುಷ್ಯ ಟವೆಲನ್ನು ತೆಗೆದು ಮಡಚಿದರು, ಮತ್ತೆ ಬಿಡಿಸಿದರು. ರೇಣುಕಮ್ಮ ಮುಂದಿನ ಮನೆಯ ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದರು. ಮಾತು ಕೇಳಿಸದಿದ್ದರೂ ವಿಷಯ ಏನೆಂದು ಅವರಿಗೆ ತಿಳಿದಿತ್ತು ಎಂದು ನನಗನ್ನಿಸಿತು. ಆ ಅರ್ಧ ನಿಮಿಷದಲ್ಲಿ ನನ್ನ ಬಳಿ ಹತ್ತು ವಾದಗಳಿದ್ದವು. ಆದರೆ ಅವಕ್ಕೆ ಅಲ್ಲಿ ಜಾಗವಿರಲಿಲ್ಲ.

"ಎಲಿ-ಅಡಿಕಿ ಮುಟ್ಟೀನಪ್ಪ," ಎಂದರು ಬಸಣ್ಣ. ಅಷ್ಟೇ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ಮನೆಯ ಬಾಗಿಲು ತಟ್ಟಿದರು.

ಎಣಿಕೆಯ ದಿನ ಬೆಳಗ್ಗೆ ನಾನು ಎಣಿಕೆ ಏಜೆಂಟನಾಗಿ ಒಳಗಿದ್ದೆ. ಮೊದಲ ಮತಗಟ್ಟೆಯ ಯಂತ್ರ ತೆರೆದಾಗ ಸಾವ್ಕಾರ್ರು ನಲವತ್ತು ಮತ ಮುಂದಿದ್ದರು. ಅವರ ಏಜೆಂಟ್ ನನ್ನತ್ತ ನೋಡಿ ಕುರ್ಚಿಗೆ ಒರಗಿದರು. ಎರಡನೆಯ ಯಂತ್ರದ ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಬಂದವು. ಬರೆದುಕೊಂಡು ಕೂಡಿಸಿದ ಮೊತ್ತವನ್ನು ಮೂರು ಸಲ ಪರೀಕ್ಷಿಸಿದೆ. ರೇಣುಕಮ್ಮ ಹತ್ತೊಂಬತ್ತು ಮತಗಳಿಂದ ಗೆದ್ದಿದ್ದರು. ಬಸಣ್ಣನಿಗೆ ಎರಡೂ ಯಂತ್ರ ಸೇರಿ ಬಂದದ್ದು ಹನ್ನೊಂದು. ಇನ್ನು ಇಪ್ಪತ್ತೇ ಮಂದಿ ಕನಿಕರದಿಂದ ಅವರ ಗುಂಡಿ ಒತ್ತಿದ್ದರೆ ನಾವು ಸೋಲುತ್ತಿದ್ದೆವು.

ಹೊರಗೆ ಬಂದು ಹೇಳಿದಾಗ ರೇಣುಕಮ್ಮ ಮೊದಲು ಹೋದದ್ದು ಬಸಣ್ಣನ ಬಳಿಗೆ. ಕಾಲಿಗೆ ಎರಗಲು ಬಾಗಿದವರನ್ನು ಅವರು ತಡೆದರು.

"ಏಳ್ರಿ, ಏಳ್ರಿ. ಮೊದ್ಲು ಇದನ್ನ ಹೇಳ್ರಿ ವಕೀಲ್ರೇ. ಅಷ್ಟು ಬಡ್ಕೊಂಡ್ರೂ ನನ್ನ ಮಾತು ಕೇಳ್ದ ಆ ಹನ್ನೊಂದು ಮಂದಿ ಯಾರು?"

"ಹತ್ತು ಮಂದಿ ಯಾರೋ ಗೊತ್ತಿಲ್ಲ," ಎಂದರು ಪಾರ್ವತಮ್ಮ. "ಹನ್ನೊಂದ್ನೇದು ನಾನು. ಎರಡು ಸಲ ನಿಮಗೇ ಹಾಕೀನಿ. ಮೂರ್ನೇ ಸಲ ನಿಮ್ಮ ಹೆಸರು ಕಣ್ಣೆದುರಿಗೇ ಇತ್ತು, ಬಿಟ್ಟು ಬರಾಕ ಕೈ ಬರ್ಲಿಲ್ಲ. ಬೈತೀರೇನು?"

ಬಸಣ್ಣ ಬೈಯಲಿಲ್ಲ. ಬಿಳಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು.

ಮರುದಿನ ಬೆಳಗ್ಗೆ ಅವರು ರೇಣುಕಮ್ಮನವರನ್ನು ಕರೆದುಕೊಂಡು ವಾರ್ಡಿನ ಮನೆಮನೆಗೆ ಹೋಗಿ ಕೈ ಮುಗಿದು ಬಂದರು. ಸಾವ್ಕಾರ್ರ ಮನೆಗೂ ಹೋದರು. ಮೂರು ತಿಂಗಳ ನಂತರ ಮೊದಲ ಬಹಿರಂಗ ಸಭೆ ನಡೆಯಿತು. ಮುಂದಿನ ಸಾಲಿನಲ್ಲಿ ಸಾವ್ಕಾರ್ರು ಕೂತಿದ್ದರು. ಮೊದಲ ಪ್ರಶ್ನೆ ಅವರದೇ: ತಮ್ಮ ಬೀದಿಯ ದೀಪ ಎರಡು ವಾರದಿಂದ ಉರಿಯುತ್ತಿಲ್ಲ ಎಂದು. ರೇಣುಕಮ್ಮ ಎದ್ದು ನಿಂತು ಉತ್ತರಿಸಿದರು, ದಿನ ಹೇಳಿದರು, ಆ ದಿನದೊಳಗೆ ದೀಪ ಉರಿಯಿತು. ಇಷ್ಟೂ ವರ್ಷ ಜಗಲಿಯ ಮೇಲೆ ಕೂತವರು ಎದ್ದು ನಿಂತು ಪ್ರಶ್ನೆ ಕೇಳಿದ ಆ ಕ್ಷಣವನ್ನೇ ನಾನು ಗೆಲುವೆಂದು ಕರೆಯುತ್ತೇನೆ.

ಈ ಪ್ರಕರಣ ನನ್ನ ವೃತ್ತಿಯ ಒಂದು ನಂಬಿಕೆಯನ್ನು ಮುರಿಯಿತು. ದೀರ್ಘಕಾಲ ಬೇರೂರಿದ ಪಕ್ಷವನ್ನು ವಿರೋಧಿಗಳ ಲೆಕ್ಕಾಚಾರ ಕದಲಿಸುವುದಿಲ್ಲ; ವಾದವಂತೂ ಅಲ್ಲವೇ ಅಲ್ಲ. ಗೆಲ್ಲಬಹುದಾದವರೊಬ್ಬರು ಇನ್ನೊಬ್ಬರಿಗಾಗಿ ಹಿಂದೆ ಸರಿದಾಗ ಅದು ಕದಲುತ್ತದೆ. ಹಾಗೆ ಸರಿಯುವವರಿಗೆ ತಲೆಯೆತ್ತಿ ಸರಿಯಲು ದಾರಿ ಮಾಡಿಕೊಡುವುದೇ ಮೈತ್ರಿಯ ಮೊದಲ ಕೆಲಸ. ಅವರ ಮರ್ಯಾದೆ ಉಳಿಸಬೇಕು. ಆ ನೆಪದಲ್ಲಿ ಗಡಿಯಾರವನ್ನೂ ನಿಯಮವನ್ನೂ ಅವರಿಂದ ಮುಚ್ಚಿಡಬಾರದು. ಎರಡನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲವೆಂದುಕೊಂಡದ್ದು ನನ್ನ ತಪ್ಪು. ಆ ತಪ್ಪನ್ನು ಬಸಣ್ಣ ಬಿಸಿಲಿನಲ್ಲಿ ಮನೆಮನೆ ತಿರುಗಿ ತೀರಿಸಿದರು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ವಾರ್ಡಿನಲ್ಲಿ ಕಳೆದ ಸಲ ಇನ್ನೊಬ್ಬರಿಗಾಗಿ ಕಣದಿಂದ ಹಿಂದೆ ಸರಿದವರು ಯಾರೆಂದು ಕೇಳಿ ತಿಳಿದುಕೊಳ್ಳಿ. ಈ ವಾರ ಅವರ ಮನೆಗೆ ಹೋಗಿ ಬನ್ನಿ. ಚಹಾ ಕೊಟ್ಟರೆ, ದಯವಿಟ್ಟು ಕೂತು ಕುಡಿಯಿರಿ.